ಪ್ರಶ್ನೋತ್ತರ: ಆನ್‌ಲೈನ್ ಪೋಕರ್‌ನಲ್ಲಿ ಮೇಲಿನ ಸ್ಟೇಕ್ಸ್‌ಗೆ (ಹೆಚ್ಚು ಪಣದ ಟೇಬಲ್‌ಗೆ) ಯಾವಾಗ ಹೋಗಬೇಕು?

ಪ್ರಶ್ನೆ (ಮಿಸಿಸಾಗಾ, ಕೆನಡಾ): ಒಂಟಾರಿಯೋ ಲೈಸೆನ್ಸ್ ಇರುವ ಸೈಟಿನಲ್ಲಿ ನೋ-ಲಿಮಿಟ್ ಹೋಲ್ಡೆಮ್ (ಬೆಟ್‌ಗೆ ಮಿತಿಯಿಲ್ಲದ ಪೋಕರ್) ಆಡುತ್ತೇನೆ. ಆರು ಜನರ ಟೇಬಲ್, ಬ್ಲೈಂಡ್ (ಎಲೆ ಹಂಚುವ ಮೊದಲೇ ಇಬ್ಬರು ಇಡಬೇಕಾದ ಕಡ್ಡಾಯ ಪಣ) 5/10 ಸೆಂಟ್; ದೊಡ್ಡದೇ ಬಿಗ್ ಬ್ಲೈಂಡ್. 18,000 ಹ್ಯಾಂಡ್ (ಸುತ್ತು) ಆಗಿದೆ, 100 ಹ್ಯಾಂಡ್‌ಗೆ 9 ಬಿಗ್ ಬ್ಲೈಂಡ್ ಗೆಲುವು. ಖಾತೆಯಲ್ಲಿ 600 ಡಾಲರ್ ಇದೆ. 10/25 ಸೆಂಟ್ ಟೇಬಲ್‌ಗೆ 25 ಡಾಲರ್‌ನಂತೆ 24 ಬೈ-ಇನ್ (ಟೇಬಲ್‌ಗೆ ಕೂರುವಾಗ ತರುವ ದುಡ್ಡು, 100 ಬಿಗ್ ಬ್ಲೈಂಡ್) ಆಯ್ತಲ್ಲ, ಅಲ್ಲಿಗೆ ಹೋಗು ಅಂತಾರೆ ಗೆಳೆಯರು. ಹೋಗಲಾ?

ಉತ್ತರ: ಈಗಲೇ ಬೇಡ. ಆದರೆ ತುಂಬಾ ದಿನ ಕಾಯಬೇಕಾಗಿಯೂ ಇಲ್ಲ.

ಮೊದಲು ಆ 9ರ ಲೆಕ್ಕ ನೋಡೋಣ. ಆರು ಜನರ ಟೇಬಲ್‌ನಲ್ಲಿ ಸ್ಟ್ಯಾಂಡರ್ಡ್ ಡೀವಿಯೇಶನ್ (ಫಲಿತಾಂಶದ ಏರಿಳಿತದ ಅಳತೆ) 100 ಹ್ಯಾಂಡ್‌ಗೆ ಸುಮಾರು 90 ಬಿಗ್ ಬ್ಲೈಂಡ್ ಇರುತ್ತದೆ. ಆ ಲೆಕ್ಕದಲ್ಲಿ, 18,000 ಹ್ಯಾಂಡ್ ಆಡಿದವರ ನಿಜವಾದ ವಿನ್‌ರೇಟ್ (100 ಹ್ಯಾಂಡ್‌ಗೆ ಗೆಲ್ಲುವ ಬಿಗ್ ಬ್ಲೈಂಡ್) ಮೈನಸ್ 4ರಿಂದ 22ರವರೆಗೆ ಎಲ್ಲಿ ಬೇಕಾದರೂ ಇರಬಹುದು. 50,000 ಹ್ಯಾಂಡ್ ಆದಮೇಲೂ ಎರಡೂ ಕಡೆ 8ರಷ್ಟು ಅಂತರ ಉಳಿಯುತ್ತದೆ. ಅದಕ್ಕೇ ಗೆಲುವಿನ ಗ್ರಾಫ್ ಒಂದನ್ನೇ ನಂಬಬೇಡಿ. ದೊಡ್ಡ ಪಾಟ್‌ಗಳನ್ನು (ಒಂದು ಹ್ಯಾಂಡ್‌ನಲ್ಲಿ ನಡುವೆ ಸೇರುವ ಪಣ) ತೆರೆದು ನೋಡಿ, ಗೆದ್ದದ್ದನ್ನೂ ಸೇರಿಸಿ. ಈ ಬೆಟ್ ಯಾಕೆ ಹಾಕಿದೆ, ನನಗಿಂತ ಕೆಳಗಿನ ಯಾವ ಕೈ ಇದಕ್ಕೆ ಕಾಲ್ ಮಾಡುತ್ತದೆ (ಅಷ್ಟೇ ದುಡ್ಡು ಹಾಕಿ ಉಳಿಯುತ್ತದೆ) ಅಂತ ತಡವರಿಸದೆ ಹೇಳೋಕೆ ಬರಬೇಕು.

ಇನ್ನು ಬೈ-ಇನ್ ಮಾತು. 20 ಸಾಕು, 30 ಬೇಕು, 50 ಇರಲಿ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾನು ಕೇಳುವುದು ಬೇರೆ: ಮೇಲಿನ ಟೇಬಲ್‌ನಲ್ಲಿ ನಿಮ್ಮ ವಿನ್‌ರೇಟ್ ಎಷ್ಟು ಉಳಿಯುತ್ತದೆ? 100 ಹ್ಯಾಂಡ್‌ಗೆ 5 ಬಿಗ್ ಬ್ಲೈಂಡ್ ಗೆಲ್ಲುವವರು 30 ಬೈ-ಇನ್ ಇಟ್ಟುಕೊಂಡು ಒಂದೇ ಲೆವೆಲ್‌ನಲ್ಲಿ ಆಡುತ್ತಾ ಹೋದರೆ, ಅಷ್ಟೂ ದುಡ್ಡು ಹೋಗುವ ಸಾಧ್ಯತೆ ನೂರಕ್ಕೆ 2.5ರಷ್ಟು. ಗೆಲುವು 2ಕ್ಕೆ ಇಳಿಯಲಿ, ಅದೇ 30 ಬೈ-ಇನ್‌ಗೆ ಅದು ನೂರಕ್ಕೆ 23 ಆಗುತ್ತದೆ. ಮೇಲೆ ಹೋದಾಗ ಎದುರಿಗೆ ಕೂತವರು ಗಟ್ಟಿ, ಸುಮ್ನೆ ಕಾಲ್ ಮಾಡುವವರು ಕಡಿಮೆ. ವಿನ್‌ರೇಟ್ ಇಳಿದೇ ಇಳಿಯುತ್ತದೆ ಅಂದುಕೊಂಡೇ ಹೋಗಬೇಕು. ಸೊನ್ನೆಗೆ ಇಳಿದರಂತೂ ಎಷ್ಟು ಬೈ-ಇನ್ ಇದ್ದರೂ ಸಾಲದು.

ನನ್ನ ಸಲಹೆ: 750 ಡಾಲರ್ ಆಗುವವರೆಗೆ ಇಲ್ಲೇ ಆಡಿ. ಆಮೇಲೆ 10/25ರಲ್ಲಿ 3 ಬೈ-ಇನ್, ಅಂದರೆ 75 ಡಾಲರ್, ಅಷ್ಟನ್ನೇ ಪಣಕ್ಕಿಡಿ. ಅದು ಹೋದರೆ ಅವತ್ತೇ ಕೆಳಗೆ ಬನ್ನಿ. ಆಗಲೂ ಕೈಯಲ್ಲಿ 675 ಇರುತ್ತದೆ, 5/10ಕ್ಕೆ ಧಾರಾಳವಾಗಿ ಸಾಕು.

ಮೇಲೆ ಹೋದಾಗ ನಿಮ್ಮ ಬಗ್ಗೆಯೇ ಒಂದು ವಿಷಯ ಗಮನಿಸಿ. ಕೈಯಲ್ಲಿ ಎಕ್ಕ-ರಾಣಿ. ಬೋರ್ಡ್ (ಎಲ್ಲರಿಗೂ ಸೇರಿದ ಎಲೆಗಳು) ರಾಣಿ, 8, 5, 2, 3. ಪಾಟ್ 60 ಬಿಗ್ ಬ್ಲೈಂಡ್, ಎದುರಾಳಿ ಚೆಕ್ ಮಾಡಿದ್ದಾನೆ (ಬೆಟ್ ಮಾಡದೆ ಬಿಟ್ಟಿದ್ದಾನೆ). 5/10ರಲ್ಲಿ ನೀವು ಯೋಚನೆ ಮಾಡದೆ 4 ಡಾಲರ್ ಬೆಟ್ ಮಾಡುತ್ತೀರಿ. 10/25ರಲ್ಲಿ ಅದೇ 40 ಬಿಗ್ ಬ್ಲೈಂಡ್ ಅಂದರೆ 10 ಡಾಲರ್. ಅಲ್ಲಿ ಕೈ ತಡೆದು ಚೆಕ್ ಒತ್ತಿದಿರಾ? ಹಾಗಾದರೆ ಖಾತೆಯಲ್ಲಿ ಎಷ್ಟೇ ಇರಲಿ, ಆ ಲೆವೆಲ್ ನಿಮಗೆ ಇನ್ನೂ ದೊಡ್ಡದು.

ಇನ್ನೊಬ್ಬರ ಪ್ರಶ್ನೆ: ಪೋಕರ್ ಚಾಂಪಿಯನ್ ಕ್ರಿಸ್ ಫರ್ಗುಸನ್ ಸೊನ್ನೆಯಿಂದ 10,000 ಡಾಲರ್ ಮಾಡಿದ್ದು 20 ಬೈ-ಇನ್ ನಿಯಮದಲ್ಲೇ ಅಲ್ವಾ?

ಉತ್ತರ: ಹೌದು, ಕ್ಯಾಶ್ ಗೇಮ್‌ಗೆ ಇರುವ ದುಡ್ಡಿನ 5%ಗಿಂತ (20ರಲ್ಲಿ ಒಂದು ಭಾಗಕ್ಕಿಂತ) ಜಾಸ್ತಿ ಹಾಕಬಾರದು ಅನ್ನುವುದು ಅವರ ನಿಯಮ. ಅದರ ಇನ್ನರ್ಧ ಯಾರೂ ಹೇಳುವುದಿಲ್ಲ. ಟೇಬಲ್ ಮೇಲಿನ ದುಡ್ಡು ಒಟ್ಟು ದುಡ್ಡಿನ 10% ದಾಟಿದರೆ ಬ್ಲೈಂಡ್ ಇಡುವ ಸರದಿ ಬರುತ್ತಿದ್ದಂತೆ ಎದ್ದುಬಿಡಬೇಕು, ಗೆಲ್ಲುತ್ತಿದ್ದರೂ ಸರಿ. ದುಡ್ಡು ಕರಗಿದರೆ ಕೆಳಗೆ ಇಳಿಯಲೇಬೇಕು. ಇಳಿಯೋಕೆ ತಯಾರಿರುವವರಿಗೆ ಮಾತ್ರ 20 ಸಾಕು.

ಮೊದಲು ಕೇಳಿದವರು: ಸೋತ ದಿನ ಅದನ್ನು ವಾಪಸ್ ಪಡೆಯೋಕೆ ದೊಡ್ಡ ಟೇಬಲ್‌ಗೆ ಹೋಗಬೇಕು ಅನಿಸುತ್ತದೆ. ಒಂದೆರಡು ಸಲ ಹೋಗಿದ್ದೂ ಉಂಟು.

ಉತ್ತರ: ಇದನ್ನು ಹೇಳಿದ್ದು ತುಂಬಾ ಒಳ್ಳೆಯದಾಯಿತು. ಹಾಗಾದರೆ 750ರ ಮಾತು ಸದ್ಯಕ್ಕೆ ಬಿಡಿ. ಸೈಟಿನ ಸೆಟ್ಟಿಂಗ್ಸ್‌ನಲ್ಲಿ ಡಿಪಾಸಿಟ್ ಮಿತಿ ಇವತ್ತೇ ಹಾಕಿ. ಬಾಡಿಗೆ, ಮನೆಗೆ ಕಳಿಸುವ ದುಡ್ಡು ಆ ಖಾತೆಯ ಹತ್ತಿರ ಸುಳಿಯಬಾರದು. ಆದರೂ ತಡೆಯೋಕೆ ಆಗದಿದ್ದರೆ ಜೂಜಿನ ಚಟಕ್ಕೆ ನೆರವಾಗುವ ಸಹಾಯವಾಣಿ ಕನೆಕ್ಸ್‌ಒಂಟಾರಿಯೋಗೆ ಫೋನ್ ಮಾಡಿ. ಉಚಿತ, ದಿನದ 24 ಗಂಟೆಯೂ ಸಿಗುತ್ತಾರೆ.

ಬೆಂಗಳೂರಿನಿಂದ ಒಬ್ಬರು: ನಾವೂ ಹೀಗೇ ಸಣ್ಣದಾಗಿ ಶುರು ಮಾಡಬಹುದಾ ಸರ್?

ಉತ್ತರ: ದುಡ್ಡಿಟ್ಟು ಆನ್‌ಲೈನ್‌ನಲ್ಲಿ ಬೇಡ. ದುಡ್ಡಿನ ಆನ್‌ಲೈನ್ ಆಟ ನಿಷೇಧಿಸಿದ್ದ ಕರ್ನಾಟಕದ 2021ರ ಕಾನೂನು ತಿದ್ದುಪಡಿಯನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತ್ತು, ನಿಜ. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಕಾಯ್ದೆ ಕೌಶಲವೋ ಅದೃಷ್ಟವೋ ಅಂತ ನೋಡದೆ ದುಡ್ಡಿನ ಆನ್‌ಲೈನ್ ಆಟವನ್ನು ದೇಶದಲ್ಲೆಲ್ಲ ನಿಷೇಧಿಸಿದೆ. ಶಿಕ್ಷೆ ಇರುವುದು ನಡೆಸುವವರಿಗೆ, ಆಡುವವರಿಗಲ್ಲ ಅಂತ ವಿಪಿಎನ್ (ನೀವಿರುವ ಜಾಗ ಮರೆಸುವ ತಂತ್ರಾಂಶ) ಹಾಕಿ ವಿದೇಶದ ಸೈಟಿಗೆ ಹೋಗಬೇಡಿ. ಅವರು ದುಡ್ಡು ಕೊಡದಿದ್ದರೆ ನೀವು ದೂರು ಕೊಡೋಕೆ ಜಾಗವೇ ಇರುವುದಿಲ್ಲ.