ಪಿಕಪ್‌ನ ಕ್ರೌನ್‌ಗೆ 90 ನಂಬರ್ ಆಯಿಲೋ, 140 ನಂಬರೋ?

ಆಲೂರು ಶುಂಠಿಗಾಡಿ:
ಎಲ್ಲರಿಗೂ ನಮಸ್ಕಾರ. ನನ್ನದು ಬೊಲೆರೊ ಪಿಕಪ್. ಆಲೂರಿಂದ ಮಂಗಳೂರಿಗೆ ಶುಂಠಿ ಲೋಡು, ಬರುವಾಗ ಸಿಕ್ಕಿದರೆ ಹೆಂಚು. ಹಿಂದಿನ ಆಕ್ಸಲ್ ನಡುವಿನ ಕ್ರೌನ್, ಅಂದರೆ ಚಕ್ರಗಳನ್ನು ತಿರುಗಿಸೋ ದೊಡ್ಡ ಗೇರ್, ಅದರ ಆಯಿಲ್ ಬದಲಾಯಿಸಬೇಕು. ಅಂಗಡಿಯವರು "ಘಾಟಿ ಗಾಡಿ ಅಲ್ವಾ, 85ಡಬ್ಲ್ಯೂ-140 ಹಾಕಿ, ದಪ್ಪ ಇದ್ದಷ್ಟೂ ಒಳ್ಳೇದು" ಅಂತಾರೆ. ಗ್ಯಾರೇಜಲ್ಲಿ 80ಡಬ್ಲ್ಯೂ-90 ಸಾಕು ಅಂತಾರೆ. ಗೇರ್‌ಬಾಕ್ಸಿಗೆ ತಂದು ಉಳಿದ ಜಿಎಲ್-4 ಆಯಿಲ್ ಮನೆಯಲ್ಲೇ ಇದೆ, ಅದೂ 90 ನಂಬರೇ. ಅದನ್ನೇ ಹಾಕಬಹುದಾ?

ತುಮಕೂರು ಟೆಂಪೋ:
ನನ್ನ ಹಳೇ ಗಾಡಿಗೆ 140 ಹಾಕಿದ ಮೇಲೆ ಹಿಂದಿನ ಗುಂಯ್ ಸದ್ದು ನಿಂತಿದೆ. ಕಣ್ಣು ಮುಚ್ಚಿ ಹಾಕಿ.

ಘಾಟಿ ಮೆಕ್ಯಾನಿಕ್:
ಮೊದಲು ಆ ಜಿಎಲ್-4 ಡಬ್ಬ ಪಕ್ಕಕ್ಕಿಡಿ ಅಣ್ಣ. ಜಿಎಲ್ ಅನ್ನೋದು ಗೇರ್ ಆಯಿಲ್ ಎಷ್ಟು ಒತ್ತಡ ತಡೆಯುತ್ತೆ ಅನ್ನೋ ದರ್ಜೆ, ಕ್ರೌನಿಗೆ ಜಿಎಲ್-5 ಬೇಕೇ ಬೇಕು. ಕ್ರೌನನ್ನು ತಿರುಗಿಸೋ ಚಿಕ್ಕ ಗೇರ್, ಅಂದರೆ ಪಿನಿಯನ್, ಕ್ರೌನಿನ ನಡುಮಧ್ಯಕ್ಕೆ ಇರೋದಿಲ್ಲ, ಸ್ವಲ್ಪ ಕೆಳಗೆ ಕೂತಿರುತ್ತೆ. ಹಾಗಾಗಿ ಹಲ್ಲುಗಳು ಉರುಳೋದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ. ಲೋಡು ಹೇರಿಕೊಂಡು ಶಿರಾಡಿ ಘಾಟಿಯಲ್ಲಿ ಗುಂಡ್ಯದಿಂದ ದೋಣಿಗಾಲ್‌ವರೆಗೆ ಸೆಕೆಂಡ್ ಗೇರಲ್ಲಿ ಹತ್ತುವಾಗ ಆ ಒತ್ತಡಕ್ಕೆ ಆಯಿಲ್ ಪದರ ಹರಿದುಹೋಗುತ್ತೆ. ಆಗ ಹಲ್ಲು ಉಳಿಸೋದು ಆಯಿಲಲ್ಲಿರೋ ಗಂಧಕ, ರಂಜಕದ ಅಂಶ. ಅದು ಜಿಎಲ್-5ರಲ್ಲಿ ಜಾಸ್ತಿ. ಹಾಗಂತ ಇಲ್ಲಿ ಉಳಿದ ಜಿಎಲ್-5 ತಗೊಂಡು ಹೋಗಿ ಗೇರ್‌ಬಾಕ್ಸಿಗೆ ಸುರೀಬೇಡಿ, ಗೇರ್ ಬದಲಿಸುವಾಗ ವೇಗ ಹೊಂದಿಸೋಕೆ ಒಳಗಿರೋ ಹಿತ್ತಾಳೆ ಸಿಂಕ್ರೊನೈಸರ್ ರಿಂಗಿಗೆ ಅದು ಆಗಿಬರಲ್ಲ.

ಇನ್ನು ನಂಬರು. ಡಬ್ಲ್ಯೂಗೆ ಮೊದಲು ಬರೋದು ಎಷ್ಟು ಚಳಿವರೆಗೆ ಆಯಿಲ್ ಹರಿಯುತ್ತೆ ಅನ್ನೋ ಲೆಕ್ಕ. 80 ಅಂದರೆ ಮೈನಸ್ 26 ಡಿಗ್ರಿವರೆಗೆ, 85 ಅಂದರೆ ಮೈನಸ್ 12ರವರೆಗೆ. ಸಕಲೇಶಪುರದಲ್ಲಿ ಅದರ ಗೊಡವೆಯೇ ಬೇಡ. ನೋಡಬೇಕಾದ್ದು ಡಬ್ಲ್ಯೂ ನಂತರದ ನಂಬರು, ಬಿಸಿಯಾದಾಗಿನ ದಪ್ಪ. 140 ತುಂಬಾ ದಪ್ಪ. ಅದನ್ನು ಕಲಕೋದಕ್ಕೇ ಎಂಜಿನ್ ಶಕ್ತಿ ಸ್ವಲ್ಪ ಹೋಗುತ್ತೆ, ಕಲಕಿದ್ದಕ್ಕೇ ಹೌಸಿಂಗ್ ಬಿಸಿಯಾಗುತ್ತೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಯಾವುದು ಬರೆದಿದೆಯೋ ಅದೇ ಹಾಕಿ. ಪುಸ್ತಕ ಇಲ್ಲದಿದ್ದರೆ ಚಾಸಿಸ್ ನಂಬರ್ ಕೊಟ್ಟು ಶೋರೂಮಲ್ಲಿ ಕೇಳಿ, ಹೇಳ್ತಾರೆ.

ತುಮಕೂರಿನ ಅಣ್ಣಾವ್ರೇ, ಸದ್ದು ನಿಂತಿದ್ದು ದಪ್ಪ ಆಯಿಲ್ ಅದನ್ನು ಮುಚ್ಚಿಟ್ಟಿದ್ದಕ್ಕೆ. ಬೇರಿಂಗ್ ಸವೆಯುತ್ತಲೇ ಇರಬಹುದು. ದಯವಿಟ್ಟು ಒಮ್ಮೆ ಬಿಚ್ಚಿಸಿ ನೋಡಿ.

ಆಲೂರು ಶುಂಠಿಗಾಡಿ:
ತುಂಬಾ ಥ್ಯಾಂಕ್ಸ್ ಅಣ್ಣ. ಪುಸ್ತಕ ಸಿಕ್ಕಿತು, ಅದರಲ್ಲಿದ್ದ ಗ್ರೇಡೇ ತಂದಿದ್ದೀನಿ. ಎಷ್ಟು ಲೀಟರ್ ಹಾಕಬೇಕು? ನಾನೇ ಬದಲಾಯಿಸಬಹುದಾ?

ಘಾಟಿ ಮೆಕ್ಯಾನಿಕ್:
ಖಂಡಿತ ಮಾಡಬಹುದು. ಗಾಡಿ ಸ್ವಲ್ಪ ಓಡಿಸಿ ಬಂದು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಬೆಚ್ಚಗಿದ್ದರೆ ಆಯಿಲ್ ಪೂರ್ತಿ ಇಳಿಯುತ್ತೆ. ಆಯಿಲ್ ತುಂಬಿಸೋ ಮೇಲಿನ ಪ್ಲಗ್ ಮೊದಲು ಬಿಚ್ಚಿ. ಕೆಳಗಿನದು ಬಿಚ್ಚಿ ಆಯಿಲ್ ಎಲ್ಲ ಸುರಿದ ಮೇಲೆ ಮೇಲಿನದು ಜಾಮ್ ಅಂತ ಗೊತ್ತಾದರೆ ಗಾಡಿ ಅಲ್ಲೇ ನಿಲ್ಲುತ್ತೆ.

ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಕಪ್ಪು ಪೇಸ್ಟ್ ಅಂಟಿರುತ್ತೆ. ಎರಡು ಬೆರಳಲ್ಲಿ ಉಜ್ಜಿ ನೋಡಿ. ನುಣ್ಣಗಿದ್ದರೆ ಮಾಮೂಲಿ ಸವೆತ, ಒರೆಸಿ ಹಾಕಿ. ಲೋಹದ ಚೂರು ಚುಚ್ಚಿದರೆ ಹೊಸ ಆಯಿಲ್ ಹಾಕೋ ಮೊದಲೇ ಕ್ರೌನ್ ಬಿಚ್ಚಿಸಬೇಕು. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ ಅಂತ ಅರ್ಥ.

ಹೊಸ ವಾಷರ್ ಹಾಕಿ, ಮೇಲಿನ ತೂತಿನ ಅಂಚಿಗೆ ಬರುವವರೆಗೆ ತುಂಬಿಸಿ, ಹೆಚ್ಚಾದದ್ದು ತಾನೇ ಹೊರಗೆ ಬರುತ್ತೆ. ಕೊನೆಗೆ ಆಕ್ಸಲ್ ಮೇಲಿನ ಬ್ರೀದರ್, ಅಂದರೆ ಒಳಗಿನ ಗಾಳಿ ಹೊರಗೆ ಬಿಡೋ ಕಿಂಡಿ, ಸ್ವಚ್ಛ ಮಾಡೋದು ಮರೀಬೇಡಿ. ಮಳೆಗಾಲದ ಕೆಸರು ಒಣಗಿ ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಸೀಲ್ ದಾಟಿ ಆಯಿಲನ್ನ ಹಿಂದಿನ ಬ್ರೇಕ್ ಲೈನರ್ ಮೇಲೆ ತಂದು ಹಾಕುತ್ತೆ. ಶಿರಾಡಿ ಇಳಿಯೋ ಗಾಡಿಗೆ ಅದು ಆಗಲೇಬಾರದು.