ಎಲೆಕ್ಟ್ರಾನ್ ಹೋದರೆ ಪ್ಲಸ್ ಆಗುವುದು ಹೇಗೆ ಮಾಷ್ಟ್ರೇ?

ಪ್ರಶ್ನೆ, ಬದಿಯಡ್ಕದ ಒಬ್ಬ ಅಮ್ಮನಿಂದ: ಮಾಷ್ಟ್ರೇ, ಒಂಬತ್ತನೇ ಕ್ಲಾಸಿನ ಮಗಳು ನಿನ್ನೆಯಿಂದ ನನ್ನ ತಲೆ ತಿನ್ನುತ್ತಿದ್ದಾಳೆ. ಸೋಡಿಯಂ ಒಂದು ಎಲೆಕ್ಟ್ರಾನ್ ಕಳಕೊಂಡರೆ ಪ್ಲಸ್ ಆಗುತ್ತದಂತೆ. ಕಳಕೊಂಡರೆ ಮೈನಸ್ ಆಗಬೇಕಲ್ವಾ?

ರಸಾಯನಶಾಸ್ತ್ರ ಮಾಷ್ಟ್ರು: ಎಲೆಕ್ಟ್ರಾನ್ ಅಂದರೆ ಸಾಲದ ಚೀಟಿ ಎಂದುಕೊಳ್ಳಲಿ. ಸೋಡಿಯಂ ಪರಮಾಣುವಿನ ನಡುವೆ 11 ಪ್ರೋಟಾನ್, ಅಂದರೆ 11 ಪ್ಲಸ್. ಸುತ್ತ 11 ಎಲೆಕ್ಟ್ರಾನ್, 11 ಮೈನಸ್. ಲೆಕ್ಕ ಚುಕ್ತಾ. ಒಂದು ಚೀಟಿ ಹರಿದು ಹೋದರೆ ಸಾಲ 10ಕ್ಕೆ ಇಳಿಯಿತು, ಒಂದು ಪ್ಲಸ್ ಮಿಕ್ಕಿತು. ಪ್ರೋಟಾನ್ ಅಲುಗುವುದಿಲ್ಲ. ಅದರ ಸಂಖ್ಯೆ ಬದಲಾದರೆ ಅದು ಸೋಡಿಯಮ್ಮೇ ಅಲ್ಲ. ಕ್ಲೋರಿನ್‌ನದು ಉಲ್ಟಾ: 17 ಎಲೆಕ್ಟ್ರಾನ್ ಇದ್ದದ್ದು 18 ಆಗುತ್ತದೆ, ಒಂದು ಮೈನಸ್ ಜಾಸ್ತಿ. ಹೀಗೆ ಲೆಕ್ಕ ಏರುಪೇರಾದ ಪರಮಾಣುವೇ ಅಯಾನು.

ಮಗಳ ಗೊಂದಲ ಅವಳ ತಪ್ಪಲ್ಲ. ಪ್ಲಸ್, ಮೈನಸ್ ಎಂಬ ಹೆಸರು 18ನೇ ಶತಮಾನದ ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಕಾಲದ್ದು. ಎಲೆಕ್ಟ್ರಾನ್ ಸಿಕ್ಕಿದ್ದು 1897ರಲ್ಲಿ. ಅಷ್ಟು ಹೊತ್ತಿಗೆ ಹೆಸರು ಗಟ್ಟಿಯಾಗಿ ಕೂತಿತ್ತು.

ಅಮ್ಮ: ಕಣ್ಣಿಗೆ ಕಾಣುವ ಹಾಗೆ ಏನಾದರೂ ತೋರಿಸಬಹುದಾ?

ಮಾಷ್ಟ್ರು: ನಿಮ್ಮದು ಅಡಿಕೆ ತೋಟ ತಾನೇ? ಕೊಳೆರೋಗಕ್ಕೆ ಮದ್ದು ಬಿಡಲು ಮೈಲುತುತ್ತು (ತಾಮ್ರದ ಸಲ್ಫೇಟ್) ಕರಗಿಸುತ್ತೀರಲ್ಲ, ಆ ನೀಲಿ ತಾಮ್ರದ ಅಯಾನಿನದು. 29 ಪ್ರೋಟಾನ್, ಆದರೆ ಎಲೆಕ್ಟ್ರಾನ್ 27 ಮಾತ್ರ. ಆ ನೀಲಿ ನೀರು ಸ್ವಲ್ಪ ಗಾಜಿನ ಲೋಟಕ್ಕೆ ತೆಗೆದು, ತುಕ್ಕು ಉಜ್ಜಿದ ಕಬ್ಬಿಣದ ಮೊಳೆ ಅದ್ದಿ. ತುಸು ಹೊತ್ತಿಗೆ ಮೊಳೆಗೆ ಕೆಂಪು ಹತ್ತುತ್ತದೆ. ಕಬ್ಬಿಣ ಎರಡು ಎಲೆಕ್ಟ್ರಾನ್ ಬಿಟ್ಟು ಅಯಾನಾಗಿ ನೀರಿಗಿಳಿಯಿತು. ಅವನ್ನು ಹಿಡಿದುಕೊಂಡ ತಾಮ್ರ ಮತ್ತೆ ಲೋಹವಾಯಿತು. ಆ ಲೋಟದಲ್ಲಿ ಮತ್ತೆ ಯಾರೂ ಚಾ ಕುಡಿಯಬಾರದು, ವಿಷ.

ಪೆರ್ಲದ ಕೃಷಿಕರೊಬ್ಬರು: ಓ! ಅಪ್ಪ ಬೋರ್ಡೋಗೆ, ಆ ಮೈಲುತುತ್ತು-ಸುಣ್ಣದ ಮದ್ದಿಗೆ, ಕತ್ತಿ ಅದ್ದಿ ನೋಡುತ್ತಿದ್ದದ್ದು ಇದಕ್ಕಾ?

ಮಾಷ್ಟ್ರು: ಅದೇ. 100 ಲೀಟರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಅಲ್ವಾ? ಸುಣ್ಣ ಸಾಕಷ್ಟಿದ್ದರೆ ತಾಮ್ರ ಕರಗದ ಪುಡಿಯಾಗಿ ತೇಲುತ್ತಿರುತ್ತದೆ, ಕತ್ತಿಯ ಗೊಡವೆಗೆ ಬರುವುದಿಲ್ಲ. ಕಮ್ಮಿಯಾದರೆ ಬಿಡಿ ಅಯಾನು ಉಳಿದು ಕತ್ತಿ ಕೆಂಪಾಗುತ್ತದೆ. ಹಾಗೆಯೇ ಮರಕ್ಕೆ ಬಿಟ್ಟರೆ ಹಿಂಗಾರ (ಅಡಿಕೆಯ ಹೂಗೊಂಚಲು) ಸುಟ್ಟೀತು. ಇನ್ನಷ್ಟು ಸುಣ್ಣದ ನೀರು ಹೊಯ್ಯಬೇಕು.

ಅಮ್ಮ: ನಾವು ಕಬ್ಬಿಣದ ಡಬ್ಬದಲ್ಲೇ ಕಲಸುತ್ತಿದ್ದೆವು. ಹೋದ ಮಳೆಗಾಲ ಅದರ ಅಡಿ ತೂತು!

ಮಾಷ್ಟ್ರು: ಆಗದೆ ಇರುತ್ತದಾ? ಅಡಿಯೇ ಅಯಾನಾಗಿ ಮದ್ದಿನ ಜೊತೆ ತೋಟಕ್ಕೆ ಹೋಯಿತು. ಈ ಸಲ ಪ್ಲಾಸ್ಟಿಕ್ ಡ್ರಮ್ಮು ತನ್ನಿ.