ಮಗಳಿಗೆ ಬಿ.ಆರ್ಕ್ ಓದಿಸಬೇಕಾ, ಸಿವಿಲ್ ಸಾಕಾ?

ಶಿವಮೊಗ್ಗದ ಅಪ್ಪ: ಮಗಳು ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆ ನಾಟಾ ಬರೆದಿದ್ದಾಳೆ. ಆರ್ಕಿಟೆಕ್ಚರೇ ಬೇಕು ಅಂತ ಹಠ. ಸಿವಿಲ್ ಆದರೆ ನಾಲ್ಕು ವರ್ಷ, ಇದು ಐದು. ಒಂದು ವರ್ಷ ಜಾಸ್ತಿ ಓದಿ ಏನು ಸಿಗುತ್ತದೆ? ತಿಳಿದವರು ಹೇಳಿ.

ಸೈಟ್ ಇಂಜಿನಿಯರ್: ಸಿವಿಲ್‌ಗೆ ಹಾಕಿ ಸರ್. ನಮ್ಮೂರಲ್ಲಿ 30×40 ಸೈಟಿಗೆ ಪ್ಲಾನ್ ಮಾಡುವುದು ನಾವೇ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಕಾಪಾಡುವುದು ‘ಆರ್ಕಿಟೆಕ್ಟ್’ ಅನ್ನೋ ಹೆಸರನ್ನು ಮಾತ್ರ, ಕೆಲಸವನ್ನು ಬೇರೆಯವರೂ ಮಾಡಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಬರೀ ಹೆಸರಿಗೆ ಐದು ವರ್ಷ ಯಾಕೆ?

ನಾಲ್ಕನೇ ವರ್ಷದ ವಿದ್ಯಾರ್ಥಿನಿ: ಹೆಸರಿಗಲ್ಲ ಸರ್. ಎರಡನೇ ವರ್ಷದಲ್ಲಿ ತೀರ್ಥಹಳ್ಳಿ ಹತ್ತಿರ ಒಂದು ತೊಟ್ಟಿಮನೆ ಅಳೆಯಲು ಹೋಗಿದ್ದೆವು. ಮೂರು ದಿನ ಕೈಯಲ್ಲಿ ಟೇಪು. ಜಗಲಿ ಒಂದೂವರೆ ಅಡಿ ಎತ್ತರ. ಕೂತರೆ ಪಾದ ಸರಿಯಾಗಿ ನೆಲಕ್ಕೆ ತಾಗುತ್ತದೆ. ಜೋರು ಮಳೆ ಬಂತು, ಅಲ್ಲೇ ಕೂತಿದ್ದೆವು. ಒಂದು ಹನಿ ಎರಚಲು ಮೈಮೇಲೆ ಬೀಳಲಿಲ್ಲ. ಸೂರು ಯಾಕೆ ಅಷ್ಟು ಕೆಳಗೆ ಇಳಿದಿದೆ ಅಂತ ಆಗ ಗೊತ್ತಾಯಿತು. ಇದನ್ನೆಲ್ಲ ಕಲಿಯಲು ಟೈಮ್ ಬೇಕು ಅಲ್ವಾ?

ಸೈಟ್ ಇಂಜಿನಿಯರ್: ಚೆನ್ನಾಗಿದೆ. ಸಂಬಳ?

ಮೈಸೂರಿನ ಆರ್ಕಿಟೆಕ್ಟ್: ಮೊದಲ ಕೆಲವು ವರ್ಷ ಕಡಿಮೆಯೇ. ಫೀಸಿನ ಮೇಲೆ ಪ್ರಿಂಟು, ಮಾಡೆಲ್ ಮಾಡುವ ದಪ್ಪ ರಟ್ಟು ಮೌಂಟ್ ಬೋರ್ಡಿನ ಖರ್ಚು ಬೇರೆ. ನಮ್ಮ ಡಿಸೈನ್ ನೋಡಿ ಅಂಕ ಕೊಡುವ ಜ್ಯೂರಿಯ ಹಿಂದಿನ ರಾತ್ರಿ ನಿದ್ದೆಗಣ್ಣಲ್ಲಿ ಕಟರ್ ಜಾರಿ ನನ್ನ ಹೆಬ್ಬೆರಳು ಕುಯ್ದಿತ್ತು, ಬಿಳಿ ಮಾಡೆಲ್ ಮೇಲೆಲ್ಲ ರಕ್ತ. ಇಂಥದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರಿದ್ದಾರೆ, ಅದು ತಪ್ಪು. ಮಕ್ಕಳ ನಿದ್ದೆ ಕೆಡಿಸುವ ಕಾಲೇಜು ಒಳ್ಳೆಯ ಕಾಲೇಜಲ್ಲ. ಆದರೂ ಈ ಓದು ಬೇಕು. ಕಂಬಕ್ಕೆ ಎಷ್ಟು ಕಬ್ಬಿಣ ಅಂತ ನಾನು ಇಂಜಿನಿಯರನ್ನೇ ಕೇಳುತ್ತೇನೆ. ಮನೆಯಲ್ಲಿ ಇರುವವರು ಹೇಗೆ ಓಡಾಡುತ್ತಾರೆ, ಬೆಳಕು ಎಲ್ಲಿಂದ ಬರಬೇಕು ಅನ್ನುವುದು ನನ್ನ ಕೆಲಸ.

ಸೈಟ್ ಇಂಜಿನಿಯರ್: ಇದನ್ನು ಒಪ್ಪುತ್ತೇನೆ. ನಮ್ಮ ಮನೆ ಮೆಟ್ಟಿಲು ನಾನೇ ಹಾಕಿದ್ದು. ಜಾಗ ಉಳಿಸಲು ಎಂಟಿಂಚು ಎತ್ತರ ಇಟ್ಟೆ. ಅಮ್ಮ ಈಗ ಮಹಡಿಗೆ ಹತ್ತುವುದನ್ನೇ ಬಿಟ್ಟಿದ್ದಾರೆ.

ಶಿವಮೊಗ್ಗದ ಅಪ್ಪ: ಸೀಟಿಗೆ ಏನು ನೋಡಬೇಕಮ್ಮ?

ನಾಲ್ಕನೇ ವರ್ಷದ ವಿದ್ಯಾರ್ಥಿನಿ: ಕೆಸಿಇಟಿ ರ‍್ಯಾಂಕಿಗೆ ನಾಟಾ ಅಂಕ ಅರ್ಧ, ಪಿಯು ಅಂಕ ಅರ್ಧ. ಕಾಲೇಜಿಗೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಮಾನ್ಯತೆ ಇದೆಯಾ ಅಂತ ಮೊದಲು ನೋಡಿ. ಸುಮ್ನೆ ಕಟ್ಟಡ ನೋಡಿ ಬರಬೇಡಿ ಸರ್. ಮಗಳ ಜೊತೆ ಡಿಸೈನ್ ಕ್ಲಾಸ್ ನಡೆಯುವ ಸ್ಟುಡಿಯೋ ಒಳಗೆ ಹೋಗಿ, ಅಲ್ಲಿರುವ ಹುಡುಗರನ್ನು ಎಷ್ಟು ಗಂಟೆಗೆ ಮಲಗುತ್ತೀರಿ ಅಂತ ಕೇಳಿ.